ಲೀಸ್ ಯಂತ್ರ ವಾಪಸ್ ಕೊಟ್ಟರೆ ಲೆಕ್ಕ ಚುಕ್ತಾ ಆಯಿತೇ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಉದ್ದಿಮೆ ಮತ್ತು ವ್ಯವಹಾರ

ಲೀಸ್‌ಗೆ ತಂದ ಯಂತ್ರವನ್ನು ಅವಧಿಗೆ ಮುಂಚೆ ಬಿಡುವುದರ ಬಗ್ಗೆ ಉತ್ತರ ಕನ್ನಡದಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಲೆಕ್ಕಗಳಲ್ಲಿ ನಿಮ್ಮ ಒಪ್ಪಂದದ ಅಂಕಿ ಹಾಕಿಕೊಂಡು ನೋಡಿ.

ಶಿರಸಿಯಲ್ಲಿ ನನ್ನ ಡಿಜಿಟಲ್ ಪ್ರಿಂಟಿಂಗ್ ಅಂಗಡಿ ಇದೆ. ಕಲರ್ ಮಶಿನ್ 48 ತಿಂಗಳ ಲೀಸ್‌ನಲ್ಲಿದೆ. ತಿಂಗಳಿಗೆ 21,000 ರೂ., ಜಿಎಸ್‌ಟಿ ಬೇರೆ. 20 ಕಂತು ಕಟ್ಟಿದ್ದೇನೆ. ಈಗ ಮದುವೆ ಕಾಗದವೆಲ್ಲ ವಾಟ್ಸಾಪ್‌ನಲ್ಲೇ ಹೋಗುತ್ತದೆ, ಮಶಿನ್‌ಗೆ ಕೆಲಸ ಇಲ್ಲ. ಬಿಡುತ್ತೇನೆ ಎಂದರೆ ಕಂಪನಿಯವರು ಉಳಿದ 28 ಕಂತಿನ ಪೂರ್ತಿ ಹಣ, ಅದರ ಮೇಲೆ ಶೇ. 4 ಶುಲ್ಕ, ಒಟ್ಟಿಗೆ ಶೇ. 18 ಜಿಎಸ್‌ಟಿ ಕಟ್ಟಿ ಮಶಿನ್ ವಾಪಸ್ ಕಳಿಸಿ ಎಂದು ಬರೆದಿದ್ದಾರೆ. ಎರಡು ತಿಂಗಳ ಬಾಡಿಗೆ ಡಿಪಾಸಿಟ್ ಅವರ ಹತ್ತಿರ ಇದೆ. ಇದು ಸರಿಯೇ?

ಕಂಪನಿ ಕೇಳಿದ್ದನ್ನು ಮೊದಲು ಕೂಡಿಸೋಣ. 28 ಕಂತು ಎಂದರೆ 5,88,000. ಶೇ. 4 ಶುಲ್ಕ 23,520. ಎರಡೂ ಸೇರಿ 6,11,520, ಜಿಎಸ್‌ಟಿ 1,10,074, ಒಟ್ಟು 7,21,594 ರೂ. ಇನ್ನು ಮಶಿನ್ ಇಟ್ಟುಕೊಂಡೇ 28 ತಿಂಗಳು ಬಾಡಿಗೆ ಕಟ್ಟಿದರೆ ಜಿಎಸ್‌ಟಿ ಸೇರಿ 6,93,840. ಅಂದರೆ ಬಿಡುವುದಕ್ಕೆ ಇಟ್ಟುಕೊಳ್ಳುವುದಕ್ಕಿಂತ 27,754 ರೂ. ಹೆಚ್ಚು ಕೊಡಬೇಕು, ಅದೂ ಇವತ್ತೇ, ಅದೂ ಮಶಿನ್ ಕಳೆದುಕೊಂಡು. ಈ ಷರತ್ತಿಗೆ ಒಪ್ಪಿ ಮುಚ್ಚುವವರು ಲೆಕ್ಕ ಹಾಕಿಲ್ಲ ಎಂದೇ ಅರ್ಥ. ಇದಕ್ಕಿಂತ ಮಶಿನ್ ಮೇಲೆ ಬಟ್ಟೆ ಮುಚ್ಚಿ ಇಟ್ಟುಕೊಂಡು ಕಂತು ಕಟ್ಟುವುದೇ ಲಾಭ.

ಹಾಗಾದರೆ ನ್ಯಾಯವಾಗಿ ಎಷ್ಟು ಬರಬೇಕು? ಮುಂದಿನ ಎರಡೂಕಾಲು ವರ್ಷದಲ್ಲಿ ಬರಬೇಕಿದ್ದ ದುಡ್ಡು ಕಂಪನಿಗೆ ಇವತ್ತೇ ಸಿಗುತ್ತದೆ, ಆದ್ದರಿಂದ ಅಷ್ಟು ಅವಧಿಯ ಬಡ್ಡಿಯನ್ನು ಕಳೆಯಲೇಬೇಕು. ವರ್ಷಕ್ಕೆ ಶೇ. 12ರಂತೆ, ಅಂದರೆ ತಿಂಗಳಿಗೆ ಶೇ. 1ರಂತೆ ಇಳಿಸಿದರೆ 28 ಕಂತಿನ ಇವತ್ತಿನ ಬೆಲೆ 5,10,645 ರೂ. (ಎಕ್ಸೆಲ್‌ನ ಪಿವಿ ಸೂತ್ರಕ್ಕೆ ತಿಂಗಳ ದರ, ಕಂತಿನ ಸಂಖ್ಯೆ, ಕಂತಿನ ಮೊತ್ತ ಕೊಟ್ಟರೆ ಇದು ಬರುತ್ತದೆ.) ಇಲ್ಲೇ 77,000 ರೂ. ಇಳಿಯಿತು. ಎಷ್ಟು ದರದಲ್ಲಿ ಇಳಿಸುತ್ತಾರೆ ಎಂಬುದನ್ನು ಕೇಳದೆ ಬಿಡಬೇಡಿ. ಬಾಡಿಗೆ ಗೊತ್ತು ಮಾಡುವಾಗ ಶೇ. 13-14 ಬಡ್ಡಿ ಹಿಡಿದ ಕಂಪನಿಯೇ ಮುಚ್ಚುವಾಗ ಶೇ. 6 ಮಾತ್ರ ಕಳೆಯುವುದುಂಟು. ಶೇ. 6ರಲ್ಲಿ ಇದೇ 28 ಕಂತು ಸುಮಾರು 5,47,400 ಆಗುತ್ತದೆ. ಆ ಒಂದು ಅಂಕಿಯಿಂದಲೇ 36-37 ಸಾವಿರ ಆಚೀಚೆ. ಎಲ್ಲರೂ ಶೇ. 4 ಶುಲ್ಕವನ್ನು 3 ಮಾಡಿಸಲು ಹೋರಾಡುತ್ತಾರೆ. ಅದರಿಂದ ಉಳಿಯುವುದು ಐದು ಸಾವಿರ ಚಿಲ್ಲರೆ.

ಇಷ್ಟಾದರೂ ದೊಡ್ಡ ಮೊತ್ತ ಬಾಕಿಯೇ ಇದೆ: ಮಶಿನ್‌ನ ಬೆಲೆ. ಕಂಪನಿ ಅದನ್ನು ಮರಳಿ ಪಡೆದು ಮಾರುತ್ತದೆ, ಇಲ್ಲವೇ ಮತ್ತೊಬ್ಬರಿಗೆ ಲೀಸ್ ಕೊಡುತ್ತದೆ. ಬಾಡಿಗೆ ಪೂರ್ತಿ, ಮಶಿನ್ ಪೂರ್ತಿ ಎಂದರೆ ಎರಡು ಸಲ ವಸೂಲಿ ಮಾಡಿದ ಹಾಗೆ. ಹುಬ್ಬಳ್ಳಿಯ ಸೆಕೆಂಡ್ ಹ್ಯಾಂಡ್ ಮಶಿನ್ ವ್ಯಾಪಾರಿಗಳಲ್ಲಿ ಇಬ್ಬರಿಂದಲಾದರೂ ಲಿಖಿತ ದರ ತರಿಸಿ. ಮಾಡೆಲ್, ಸೀರಿಯಲ್ ನಂಬರ್, ಮೀಟರ್ ರೀಡಿಂಗ್ ಕೊಟ್ಟರೆ ವಾಟ್ಸಾಪ್‌ನಲ್ಲೇ ಕಳಿಸುತ್ತಾರೆ. 2,40,000 ರೂ. ಬಂತೆನ್ನಿ. ಅಷ್ಟನ್ನೂ ಕಳೆಯಿರಿ ಎನ್ನುವುದು ನಿಮ್ಮ ಕಡೆಯಿಂದಲೂ ನ್ಯಾಯವಲ್ಲ, ಏಕೆಂದರೆ 48 ತಿಂಗಳು ಮುಗಿದ ಮೇಲೂ ಮಶಿನ್ ಅವರದ್ದೇ. ಆಗ ಅದಕ್ಕೆ 40,000 ಬರುತ್ತದೆ ಎಂದು ಒಪ್ಪಂದದಲ್ಲಿ ಹಿಡಿದಿದ್ದರೆ ಅದರ ಇವತ್ತಿನ ಬೆಲೆ 30,273. ಅದನ್ನು ಬಿಟ್ಟು 2,09,727 ನಿಮ್ಮ ಪಾಲಿಗೆ ಬರಬೇಕು. ಈಗ ಲೆಕ್ಕ: 5,10,645ಕ್ಕೆ ಶೇ. 4 ಶುಲ್ಕ 20,426 ಸೇರಿಸಿದರೆ 5,31,071. ಅದರಲ್ಲಿ 2,09,727 ಕಳೆದರೆ 3,21,344, ಜಿಎಸ್‌ಟಿ ಬೇರೆ. ಡಿಪಾಸಿಟ್ 42,000 ಇದರಲ್ಲಿ ಮುರಿದುಕೊಳ್ಳಬೇಕು. ಮಾತುಕತೆಗೆ ಕೂರುವಾಗ ಈ ಅಂಕಿ ಇಟ್ಟುಕೊಂಡು ಕೂರಿ.

ಕಾನೂನಿನ ಆಧಾರವೂ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಒಪ್ಪಂದದಲ್ಲಿ ಬರೆದ ದಂಡದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ಸಮಂಜಸವಾದ ಪರಿಹಾರವಷ್ಟೇ ಸಲ್ಲುತ್ತದೆ. ಸುಪ್ರೀಂ ಕೋರ್ಟ್ 1963ರ ಫತೇಚಂದ್ ಪ್ರಕರಣದಿಂದ ಇದನ್ನು ಹೇಳುತ್ತಲೇ ಬಂದಿದೆ. ನಷ್ಟ ತಗ್ಗಿಸಿಕೊಳ್ಳಲು ಎದುರಿನವರಿಗೆ ಏನು ದಾರಿ ಇತ್ತು ಎಂಬುದನ್ನೂ ನೋಡಬೇಕೆಂದು 73ನೇ ಕಲಮಿನ ವಿವರಣೆ ಹೇಳುತ್ತದೆ. ಪತ್ರದಲ್ಲಿ ಈ ಎರಡು ಕಲಮುಗಳನ್ನು ಹೆಸರಿಸಿ, ಮಾರಾಟದ ಬೆಲೆ ಜಮಾ ಮಾಡಿಕೊಂಡ ಸ್ಟೇಟ್‌ಮೆಂಟ್ ಕೇಳಿ. ಫೋನಿನಲ್ಲಿ ಮಾತಾಡಿದ್ದಕ್ಕೆ ಬೆಲೆ ಇಲ್ಲ.

ಜಿಎಸ್‌ಟಿ ವಿಷಯದಲ್ಲಿ ಕಂಪನಿ ಹೇಳಿದ್ದು ಹೆಚ್ಚುಕಡಿಮೆ ಸರಿ. 2022ರ ಆಗಸ್ಟ್ 3ರ ಸುತ್ತೋಲೆಯ (178/10/2022) ಪ್ರಕಾರ ಒಪ್ಪಂದದಲ್ಲೇ ಇರುವ ಅವಕಾಶ ಬಳಸಿ ಲೀಸ್ ಬೇಗ ಮುಗಿಸಲು ಕೊಡುವ ಹಣ ಒಂದು ಸೌಲಭ್ಯದ ಬೆಲೆ, ಅದಕ್ಕೆ ಮೂಲ ಬಾಡಿಗೆಯ ದರದಲ್ಲೇ ತೆರಿಗೆ. ಕರಾರು ಮುರಿದದ್ದಕ್ಕೆ ಕೊಡುವ ನಷ್ಟ ಪರಿಹಾರಕ್ಕೆ ತೆರಿಗೆ ಇಲ್ಲ. ನಿಮ್ಮದು ರೆಗ್ಯುಲರ್ ನೋಂದಣಿಯಾದರೆ ಕಟ್ಟಿದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳುವ ಹಾಗೆ) ಬರುತ್ತದೆ. ಸಣ್ಣ ವ್ಯಾಪಾರಿಗಳ ಕಾಂಪೋಸಿಷನ್ ಯೋಜನೆಯಲ್ಲಿದ್ದರೆ ಒಂದು ಪೈಸೆಯೂ ಬರುವುದಿಲ್ಲ.

ಒಂದು ಬಲೆಯ ಬಗ್ಗೆ ಹೇಳಬೇಕು. ಡೀಲರ್ ಬಂದು "ಹೊಸ ಮಶಿನ್ ತಗೊಳ್ಳಿ ಸಾರ್, ಹಳೇದು ನಾವು ನೋಡ್ಕೋತೀವಿ" ಎನ್ನುತ್ತಾನೆ. ನೋಡಿಕೊಳ್ಳುವುದು ಹೇಗೆಂದರೆ, ಹಳೆಯ 3,20,000 ಬಾಕಿಯನ್ನು ಹೊಸ 60 ತಿಂಗಳ ಬಾಡಿಗೆಯೊಳಗೆ ತುರುಕುತ್ತಾರೆ. ಶೇ. 12ರಲ್ಲಿ ಅದು ತಿಂಗಳಿಗೆ 7,118 ರೂ. ಆಗುತ್ತದೆ. ಹೊಸ ಮಶಿನ್‌ನ ನಗದು ಬೆಲೆ ಎಷ್ಟು, ಬಾಡಿಗೆ ಎಷ್ಟರ ಮೇಲೆ ಕಟ್ಟಿದ್ದಾರೆ, ಎರಡನ್ನೂ ಬರೆಸಿಕೊಳ್ಳಿ. ಡೀಲರ್ ಕೊಟ್ಟ ಮಾತು ಫೈನಾನ್ಸ್ ಕಂಪನಿಗೆ ಅನ್ವಯಿಸುವುದಿಲ್ಲ.

ಮಶಿನ್ ಲಾರಿ ಹತ್ತುವ ಮೊದಲು ಅದರ ಹಾರ್ಡ್ ಡಿಸ್ಕ್ ಅಳಿಸಿ. ಊರವರ ಆಧಾರ್, ಪಹಣಿ, ಪಾಸ್‌ಬುಕ್ಕಿನ ಸ್ಕ್ಯಾನ್‌ಗಳು ಅದರಲ್ಲಿ ಉಳಿದಿರುತ್ತವೆ. ಸರ್ವಿಸ್ ಎಂಜಿನಿಯರ್‌ಗೆ ಹೇಳಿ ಓವರ್‌ರೈಟ್ ಮಾಡಿಸಿ, ಜಾಬ್ ಶೀಟ್‌ನಲ್ಲಿ ನಮೂದಿಸಲು ಹೇಳಿ. ಎಎಂಸಿ (ವಾರ್ಷಿಕ ನಿರ್ವಹಣೆ) ಅಥವಾ ಒಂದು ಕಾಪಿಗೆ ಇಷ್ಟು ಎಂಬ ಕರಾರು ಬೇರೆ ಇದ್ದರೆ ಅದನ್ನು ಬೇರೆಯಾಗಿಯೇ ರದ್ದು ಮಾಡಿಸಬೇಕು. ಲೀಸ್ ಮುಗಿದರೂ ಅದರ ಕನಿಷ್ಠ ಬಿಲ್ ಬರುತ್ತಲೇ ಇರುತ್ತದೆ.

ಸಣ್ಣ ಉದ್ದಿಮೆಗಳಿಗೆ ಪ್ರಿಕ್ಲೋಶರ್ (ಅವಧಿಗೆ ಮುಂಚೆ ಮುಚ್ಚುವ) ಶುಲ್ಕ ಇಲ್ಲ ಎಂದು ರಿಸರ್ವ್ ಬ್ಯಾಂಕ್ ಆದೇಶ ಮಾಡಿದೆಯಂತೆ. ಲೀಸ್‌ಗೂ ಸಿಗುತ್ತದೆಯೇ? (ಮುರ್ಡೇಶ್ವರ)

ಸಿಗುವುದಿಲ್ಲ. 2025ರ ಜುಲೈ 2ರ ಆ ನಿರ್ದೇಶನ ಸಾಲಕ್ಕೆ, ಅದರಲ್ಲೂ ಬಡ್ಡಿ ಏರಿಳಿಯುವ ಸಾಲಕ್ಕೆ, ಅದೂ 2026ರ ಜನವರಿ 1ರಂದು ಅಥವಾ ಆ ನಂತರ ಮಂಜೂರಾದ ಅಥವಾ ನವೀಕರಿಸಿದ್ದಕ್ಕೆ. ಯಂತ್ರದ ಲೀಸ್‌ನಲ್ಲಿ ನೀವು ಸಾಲಗಾರರಲ್ಲ, ಬಾಡಿಗೆದಾರರು. ಒಪ್ಪಂದದ ತಲೆಬರಹದಲ್ಲಿ ಲೋನ್ ಅಥವಾ ಹೈಪಾಥಿಕೇಶನ್ (ಯಂತ್ರವನ್ನೇ ಅಡವಿಟ್ಟ ಸಾಲ) ಎಂದಿದ್ದರೆ ಮಾತ್ರ ಈ ದಾರಿ ನೋಡಿ. ಡೀಲರ್ ಬಾಯಲ್ಲಿ ಎಲ್ಲವೂ ಲೀಸೇ, ಕಾಗದ ತೆಗೆದರೆ ಅರ್ಧದಷ್ಟು ಸಾಲದ ಕಾಗದ ಇರುತ್ತದೆ.

ಕಾರವಾರದಲ್ಲಿ ನನ್ನ ಕ್ಲಿನಿಕ್ ಇದೆ. ಲೀಸ್‌ಗೆ ತಂದ ಅಲ್ಟ್ರಾಸೌಂಡ್ ಯಂತ್ರವನ್ನು ಒಂದೂವರೆ ವರ್ಷ ಮುಂಚೆ ಮರಳಿಸಬೇಕಿದೆ. ಕುಮಟಾದ ಡಾಕ್ಟರೊಬ್ಬರು ಲೀಸ್ ಮುಂದುವರಿಸಲು ಸಿದ್ಧರಿದ್ದಾರೆ. ದುಡ್ಡಿನದ್ದು ಮಾತಾಡಿದ್ದೇನೆ. ಬೇರೆ ಏನು ನೋಡಬೇಕು?

ಬೇರೊಬ್ಬರಿಗೆ ವರ್ಗಾಯಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ, ಆ ಅವಕಾಶ ಬಿಡಬೇಡಿ. ಆದರೆ ಅಲ್ಟ್ರಾಸೌಂಡ್ ಯಂತ್ರ ಜೆರಾಕ್ಸ್ ಮಶಿನ್ ಅಲ್ಲ. ಲಿಂಗಪತ್ತೆ ನಿಷೇಧದ 1994ರ ಕಾಯ್ದೆಯಡಿ ನಿಮ್ಮ ಕೇಂದ್ರದ ನೋಂದಣಿ ಪತ್ರದಲ್ಲಿ ಆ ಯಂತ್ರದ ಮೇಕ್, ಮಾಡೆಲ್ ಬರೆದಿದೆ. ಉಪಕರಣ ಬದಲಾಗುವುದಿದ್ದರೆ ಕನಿಷ್ಠ 30 ದಿನ ಮುಂಚಿತವಾಗಿ ಜಿಲ್ಲಾ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಿ ನೋಂದಣಿ ಪತ್ರ ತಿದ್ದಿಸಿಕೊಳ್ಳಬೇಕು. ಹಾಗಾಗಿ ಕಂಪನಿಯ ಲಾರಿ ಬರುವ ದಿನ ಗೊತ್ತಾದ ಮೇಲೆ ಅರ್ಜಿ ಹಾಕಿದರೆ ತಡವಾಯಿತು. ಮೊದಲು ಅರ್ಜಿ, ಅದರ ಸ್ವೀಕೃತಿ ಕೈಗೆ ಬಂದ ಮೇಲೆ ದಿನ ಗೊತ್ತು ಮಾಡಿ. ಈ ಒಂದು ತಿಂಗಳ ಬಾಡಿಗೆ ಹೇಗೂ ಬೀಳುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕುಮಟಾದ ಡಾಕ್ಟರ ಕೇಂದ್ರವೂ ಅದೇ ಕಾಯ್ದೆಯಡಿ ನೋಂದಣಿಯಾಗಿರಬೇಕು. ನೋಂದಣಿ ಇಲ್ಲದವರಿಗೆ ಯಂತ್ರವನ್ನು ಮಾರುವುದಷ್ಟೇ ಅಲ್ಲ, ಬಾಡಿಗೆಗೆ ಕೊಡುವುದೂ ಅಪರಾಧ. ಅವರ ನೋಂದಣಿ ಪ್ರತಿ ಪಡೆದು ಕಂಪನಿಗೆ ಕಳಿಸಿ. ಲೀಸ್ ವರ್ಗಾವಣೆಯ ಕಾಗದ ಮೂರೂ ಕಡೆಯವರ ಸಹಿಯದ್ದಾಗಿರಲಿ, ಅದರಲ್ಲಿ "ಹಳೆಯ ಬಾಡಿಗೆದಾರರು ಇಂಥ ದಿನದಿಂದ ಬಿಡುಗಡೆ" ಎಂಬ ಸಾಲು ಇರಲೇಬೇಕು. ಆ ಸಾಲಿಲ್ಲದಿದ್ದರೆ ಅವರು ಕಂತು ತಪ್ಪಿಸಿದ ದಿನ ಕಂಪನಿ ನಿಮ್ಮ ಬಾಗಿಲಿಗೆ ಬರುತ್ತದೆ. ಯಂತ್ರ ಹೋದರೂ ಫಾರ್ಮ್ ಎಫ್ (ಗರ್ಭಿಣಿಯರ ಸ್ಕ್ಯಾನ್ ವಿವರ) ದಾಖಲೆಗಳನ್ನು ಎರಡು ವರ್ಷ ನೀವೇ ಕಾಪಾಡಬೇಕು. ಯಂತ್ರದೊಳಗಿನ ರೋಗಿಗಳ ಚಿತ್ರಗಳನ್ನು ನಿಮ್ಮ ಡ್ರೈವ್‌ಗೆ ಇಳಿಸಿಕೊಂಡು ನಂತರ ಅಳಿಸಿ. ಪ್ರೋಬ್‌ಗಳನ್ನು (ರೋಗಿಯ ಮೈಮೇಲೆ ಇಡುವ ಭಾಗ) ಒಂದೊಂದಾಗಿ ಸೀರಿಯಲ್ ನಂಬರ್ ಸಮೇತ ಫೋಟೊ ತೆಗೆಯಿರಿ. ಪ್ರೋಬ್‌ನ ತುದಿಯ ಬಿರುಕು ವಾಪಸಾತಿ ಬಿಲ್‌ನಲ್ಲಿ ದುಬಾರಿಯ ಬಾಬತ್ತು.

ದುಡ್ಡಿನದ್ದು ಮಾತಾಡಿದ್ದೇನೆ ಎಂದಿದ್ದೀರಿ, ಆದರೂ ಒಂದು ಮಾತು. ವೈದ್ಯಕೀಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ನಿಮಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಮುಕ್ತಾಯದ ಬಿಲ್‌ನ ತೆರಿಗೆ ಪೂರ್ತಿ ನಿಮ್ಮ ಮೇಲೆಯೇ. ಯಂತ್ರದ ಲೀಸ್ ಬಾಡಿಗೆಗೆ ಆ ಸರಕಿಗೆ ಎಷ್ಟು ದರವೋ ಅಷ್ಟೇ. ಇಂಥ ವೈದ್ಯಕೀಯ ಉಪಕರಣಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಬಿಲ್‌ನಲ್ಲಿ ಹಳೆಯ ದರ ಇದ್ದರೆ ತಿದ್ದಿಸಿ.

ತದಡಿ ಬಂದರಿನ ಹತ್ತಿರ ನಮ್ಮ ಐಸ್ ಪ್ಲಾಂಟ್. ಕಂಪ್ರೆಸರ್ ಮತ್ತು ಜನರೇಟರ್ ಎರಡೂ ಲೀಸ್. ಜೂನ್-ಜುಲೈನಲ್ಲಿ ಬೋಟ್ ಇಳಿಯುವುದಿಲ್ಲ, ಐಸ್ ಹೋಗುವುದಿಲ್ಲ. ಆ ಎರಡು ತಿಂಗಳು ಬಾಡಿಗೆ ನಿಲ್ಲಿಸಬಹುದೇ? ಪೂರ್ತಿ ಬಿಟ್ಟುಬಿಟ್ಟರೆ ತುಕ್ಕಿಗೆಲ್ಲ ದಂಡ ಹಾಕುತ್ತಾರಂತೆ, ಹೌದೇ?

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಪ್ರತಿ ವರ್ಷ ಬರುವಂಥದ್ದು, ಒಪ್ಪಂದಕ್ಕೆ ಸಹಿ ಹಾಕುವಾಗಲೇ ಇಬ್ಬರಿಗೂ ಗೊತ್ತಿದ್ದದ್ದು. ಅದನ್ನು ಆಕಸ್ಮಿಕ ಎಂದು ವಾದಿಸಲಾಗದು. ನಿಲ್ಲಿಸುವ ಬದಲು ಕಂತಿನ ರೂಪ ಬದಲಿಸಿಕೊಡಿ ಎಂದು ಕೇಳಿ. ತಿಂಗಳಿಗೆ 30,000ದಂತೆ ವರ್ಷಕ್ಕೆ 3,60,000 ಆಗುತ್ತಿದ್ದರೆ ಅದನ್ನೇ ಹತ್ತು ತಿಂಗಳಿಗೆ 36,000ದಂತೆ ಕಟ್ಟುತ್ತೇವೆ, ಜೂನ್-ಜುಲೈ ಸೊನ್ನೆ ಇಡಿ ಎಂದು. ಸ್ವಲ್ಪ ಬಡ್ಡಿ ಸೇರಿಸಿಯಾರು, ಸೇರಿಸಲಿ. ಕಂತು ತಪ್ಪಿಸಿ ದಂಡ ಕಟ್ಟುವುದಕ್ಕಿಂತ ಅದು ಕಡಿಮೆ.

ತುಕ್ಕಿನ ವಿಷಯ ನಿಜವಾದ ತಕರಾರು. ಒಪ್ಪಂದಗಳಲ್ಲಿ "ಸಹಜ ಸವೆತ ಹೊರತುಪಡಿಸಿ ಸುಸ್ಥಿತಿಯಲ್ಲಿ" ಮರಳಿಸಬೇಕು ಎಂದಿರುತ್ತದೆ. ಉಪ್ಪುಗಾಳಿಯಲ್ಲಿ ಮೂರು ವರ್ಷ ನಿಂತ ಜನರೇಟರ್ ಕ್ಯಾನೊಪಿಯ ತಳ, ಬಾಗಿಲ ಕೀಲು, ರೇಡಿಯೇಟರ್ ಫಿನ್ ಉದುರುವುದು ಕರಾವಳಿಯಲ್ಲಿ ಸಹಜ ಸವೆತವೇ. ಆದರೆ ಪುಣೆಯ ಗೋದಾಮಿನಲ್ಲಿ ಕೂತು ನೋಡುವವನಿಗೆ ಅದು ನಿರ್ಲಕ್ಷ್ಯ. ಹಾಗಾಗಿ ತಪಾಸಣೆ ಅಲ್ಲಿ ಆಗಬಾರದು, ನಿಮ್ಮ ಪ್ಲಾಂಟ್‌ನಲ್ಲೇ ಜಂಟಿಯಾಗಿ ಆಗಬೇಕು. ಕಂಪನಿಯ ಪ್ರತಿನಿಧಿ ಬಂದು ಅವರ್ ಮೀಟರ್ ರೀಡಿಂಗ್, ಬ್ಯಾಟರಿ, ಕಂಟ್ರೋಲ್ ಪ್ಯಾನಲ್, ಕೀಲಿ ಎಲ್ಲ ಪಟ್ಟಿ ಮಾಡಿ ಸಹಿ ಹಾಕಲಿ. ಜನರೇಟರ್‌ಗೆ ಲೋಡ್ ಕೊಟ್ಟು ಓಡಿಸಿ ವಿಡಿಯೊ ಮಾಡಿ. ಸರ್ವಿಸ್ ಬಿಲ್‌ಗಳ ಕಟ್ಟು ಜೊತೆಗಿದ್ದರೆ ನಿರ್ವಹಣೆ ಮಾಡಿಲ್ಲ ಎನ್ನುವ ಮಾತೇ ಬರುವುದಿಲ್ಲ.

ಕಂಪ್ರೆಸರ್ ಕಳಚುವ ಖರ್ಚನ್ನು ಹೆಚ್ಚಿನವರು ಮರೆಯುತ್ತಾರೆ. ಅಮೋನಿಯಾ ಇರುವ ಲೈನ್ ಹಾಗೇ ಬಿಚ್ಚುವಂತಿಲ್ಲ. ರಿಸೀವರ್‌ನ ಲಿಕ್ವಿಡ್ ವಾಲ್ವ್ ಮುಚ್ಚಿ ಕಂಪ್ರೆಸರ್ ಓಡಿಸಿ ಅಮೋನಿಯಾವನ್ನೆಲ್ಲ ರಿಸೀವರ್‌ಗೆ ಎಳೆದುಕೊಳ್ಳಬೇಕು, ಸಕ್ಷನ್ ಪ್ರೆಶರ್ ಸೊನ್ನೆ ಹತ್ತಿರ ಬಂದ ಮೇಲೆ ಎರಡೂ ಕಡೆಯ ವಾಲ್ವ್ ಬಂದ್ ಮಾಡಿ, ಉಳಿದ ಅನಿಲವನ್ನು ಪೈಪಿನಲ್ಲಿ ನೀರಿಗೆ ಬಿಟ್ಟು ಆಮೇಲೆ ಫ್ಲ್ಯಾಂಜ್ ಸಡಿಲಿಸಬೇಕು. ಮುಖವಾಡ, ಕೈಗವಸು ಇರುವ ತರಬೇತಾದ ಮೆಕ್ಯಾನಿಕ್‌ನ ಕೆಲಸ ಇದು, ಪ್ಲಾಂಟ್ ಹುಡುಗರದ್ದಲ್ಲ. ಫೌಂಡೇಶನ್ ಬೋಲ್ಟ್ ಕಾಂಕ್ರೀಟಿನಲ್ಲಿ ಹೂತಿದ್ದರೆ ಕ್ರೇನ್ ಬಾಡಿಗೆ ಬೇರೆ. ಕಳಚುವುದು, ಕ್ರೇನ್, ಲಾರಿ ಯಾರ ಖರ್ಚು, ಯಾವ ಊರಿನವರೆಗೆ ಎಂದು ಬರೆಸಿಕೊಳ್ಳಿ. "ಕಂಪನಿ ಹೇಳಿದ ಸ್ಥಳಕ್ಕೆ" ಎಂದಿದ್ದರೆ ಹುಬ್ಬಳ್ಳಿವರೆಗೆ ಮಾತ್ರ ಎಂದು ಮಿತಿ ಹಾಕಿಸಲು ನೋಡಿ. ಸರಕಿನ ಬೆಲೆ 50,000 ರೂ. ದಾಟಿದರೆ ಮಾರಾಟವಲ್ಲದಿದ್ದರೂ ಡೆಲಿವರಿ ಚಲನ್ ಜೊತೆ ಇ-ವೇ ಬಿಲ್ ಬೇಕು.

ಹೊನ್ನಾವರದ ಶರಾವತಿ ದಂಡೆಯಲ್ಲಿ ಗೋಡಂಬಿ ಕಾರ್ಖಾನೆ. ಮಳೆಗಾಲದಲ್ಲಿ ಹೊಳೆ ನೀರು ನುಗ್ಗಿ ಲೀಸ್‌ನ ಕಲರ್ ಸಾರ್ಟರ್ (ಬಣ್ಣ ನೋಡಿ ಗೋಡಂಬಿ ಬೇರ್ಪಡಿಸುವ ಯಂತ್ರ) ಹಾಳಾಯಿತು. ಯಂತ್ರವೇ ಇಲ್ಲದ ಮೇಲೆ ಬಾಡಿಗೆ ಏಕೆ ಕಟ್ಟಬೇಕು?

ಕಟ್ಟಬೇಕು ಎಂದೇ ಬಹುತೇಕ ಒಪ್ಪಂದ ಹೇಳುತ್ತದೆ. ಯಂತ್ರ ಕೆಟ್ಟರೂ ಮುಳುಗಿದರೂ ಕಳುವಾದರೂ ಬಾಡಿಗೆ ನಿಲ್ಲದು, ಪೂರ್ತಿ ನಾಶವಾದರೆ ನಿಗದಿತ ನಷ್ಟದ ಮೊತ್ತ ಕಟ್ಟಿ ಲೀಸ್ ಮುಗಿಸಬೇಕು ಎಂಬ ಕಲಮು ಇರುತ್ತದೆ. ಆ ಮೊತ್ತ ಒಪ್ಪಂದದ ಕೊನೆಯ ಅನುಬಂಧದಲ್ಲಿ ತಿಂಗಳುವಾರು ಪಟ್ಟಿಯಾಗಿ ಇರುತ್ತದೆ, ಹುಡುಕಿ. ಒಪ್ಪಂದ ಮೌನವಾಗಿದ್ದರೆ ಮಾತ್ರ ಕರಾರು ಕಾಯ್ದೆಯ 151, 152ನೇ ಕಲಮು ನೆರವಿಗೆ ಬರುತ್ತವೆ: ಸಾಮಾನ್ಯ ಮನುಷ್ಯ ತನ್ನ ಸ್ವತ್ತನ್ನು ನೋಡಿಕೊಳ್ಳುವಷ್ಟು ಜಾಗ್ರತೆ ವಹಿಸಿದ್ದರೆ ನಷ್ಟಕ್ಕೆ ಹೊಣೆ ಇಲ್ಲ.

ನಿಮ್ಮ ಕೈಯಿಂದ ಹೋಗುವುದು ಆ ಮೊತ್ತಕ್ಕೂ ವಿಮೆಯಿಂದ ಬರುವುದಕ್ಕೂ ಇರುವ ಅಂತರ. ಪಟ್ಟಿಯಲ್ಲಿ 4,60,000 ಇದ್ದು ವಿಮೆ 3,70,000 ಕೊಟ್ಟರೆ 90,000 ನಿಮ್ಮದು. ವಿಮೆ ಹಣ ಸಾಮಾನ್ಯವಾಗಿ ಮಾಲೀಕನಾದ ಲೀಸ್ ಕಂಪನಿಗೇ ಹೋಗುತ್ತದೆ. ಅದು ಜಮಾ ಆಗುವವರೆಗೂ ಕಂತು ಕಟ್ಟಿಸಿಕೊಂಡರೆ ಅಷ್ಟನ್ನೂ ಕೊನೆಯ ಮೊತ್ತದಲ್ಲಿ ಕಳೆಯಿರಿ ಎಂದು ಬರೆಯಿರಿ. ಗುಜರಿ ಬೆಲೆಯನ್ನೂ ಕೇಳಿ. ಪಾಲಿಸಿ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಆಗಿದ್ದರೆ (ಒಂದು ಸ್ಥಳದಲ್ಲಿ 5 ಕೋಟಿ ರೂ.ವರೆಗಿನ ಆಸ್ತಿಗೆ) ಪ್ರವಾಹ ಅದರಲ್ಲೇ ಸೇರಿದೆ, ಶೇ. 15ರವರೆಗಿನ ಕಡಿಮೆ ವಿಮೆಯನ್ನು ಮನ್ನಿಸುತ್ತಾರೆ. ಸರ್ವೇಯರ್ ಬರುವ ಮುಂಚೆ ಯಂತ್ರಕ್ಕೆ ಕರೆಂಟ್ ಕೊಟ್ಟು ನೋಡಬೇಡಿ. ನೀರಿನಿಂದ ಹಾಳಾದದ್ದು ಹೋಗಿ ಶಾರ್ಟ್ ಆಗಿ ಹಾಳಾದದ್ದು ಎಂದಾಗುತ್ತದೆ. ಗೋಡೆಯ ಮೇಲಿನ ಕೆಸರಿನ ಗೆರೆ ಯಂತ್ರದ ಜೊತೆ ಒಂದೇ ಚಿತ್ರದಲ್ಲಿ ಬರುವಂತೆ ಫೋಟೊ ತೆಗೆಯಿರಿ.

ತಮ್ಮನ ಲೀಸ್‌ಗೆ ಜಾಮೀನು ಹಾಕಿದ್ದೆ. ಅವನು ಅಂಗಡಿ ಮುಚ್ಚಿದ. ಮೊದಲು ಅವನನ್ನು ಹಿಡಿಯದೆ ನನಗೇ ನೋಟಿಸ್ ಕೊಡಬಹುದೇ? (ಅಂಕೋಲಾ)

ಕೊಡಬಹುದು. ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಮೂಲ ಬಾಕಿದಾರನಷ್ಟೇ. ನಿಮಗೆ ತಿಳಿಸದೆ ಕಂಪನಿ ಮತ್ತು ತಮ್ಮ ಸೇರಿ ಅವಧಿಯನ್ನೋ ಬಾಡಿಗೆಯನ್ನೋ ಬದಲಿಸಿದ್ದರೆ ಆ ನಂತರದ ವ್ಯವಹಾರಕ್ಕೆ ನೀವು ಹೊಣೆಯಲ್ಲ (133ನೇ ಕಲಮು). ನಿಮ್ಮ ಸಹಿ ಇಲ್ಲದ ತಿದ್ದುಪಡಿ ಪತ್ರ ಇದೆಯೇ ಎಂದು ತಮ್ಮನ ಫೈಲ್ ತೆಗೆಸಿ ನೋಡಿ.

ಯಂತ್ರ ವಾಪಸ್ ಒಯ್ದಿದ್ದಾರೆ, ಲೆಕ್ಕ ಇನ್ನೂ ಮುಗಿದಿಲ್ಲ. ಬ್ಯಾಂಕಿಗೆ ಹೇಳಿ ಆಟೋ ಡೆಬಿಟ್ ನಿಲ್ಲಿಸಲೇ? (ಭಟ್ಕಳ)

ಲೆಕ್ಕ ಮುಗಿಯುವ ಮುಂಚೆ ಖಾತೆ ಖಾಲಿ ಮಾಡಿ ಬೌನ್ಸ್ ಮಾಡಿಸಬೇಡಿ. ಚೆಕ್ ಬೌನ್ಸ್ ಹಾಗೆಯೇ ಇದಕ್ಕೂ 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಕಲಮಿನಡಿ ಕ್ರಿಮಿನಲ್ ಕೇಸ್ ಆಗುತ್ತದೆ. ನೋಟಿಸ್ ಬಂದರೆ 15 ದಿನದೊಳಗೆ ಕಟ್ಟಬೇಕು. ಯಂತ್ರ ಪಡೆದ ದಿನಾಂಕದ ರಸೀದಿ ಲಗತ್ತಿಸಿ, ಆ ದಿನದಿಂದ ಡೆಬಿಟ್ ಕಳಿಸಬೇಡಿ ಎಂದು ಕಂಪನಿಗೆ ಇ-ಮೇಲ್ ಮಾಡಿ, ಬ್ಯಾಂಕಿಗೆ ಅದರ ಪ್ರತಿ ಕೊಟ್ಟು ಮ್ಯಾಂಡೇಟ್ (ಆಟೋ ಡೆಬಿಟ್‌ಗೆ ಕೊಟ್ಟ ಒಪ್ಪಿಗೆ) ರದ್ದು ಕೇಳಿ. ಕೊನೆಯ ಹಣ ಕಟ್ಟಿದ ಮೇಲೆ ನೋ ಡ್ಯೂ ಪತ್ರ, ಭದ್ರತೆಗೆ ಕೊಟ್ಟ ಚೆಕ್‌ಗಳು ಎರಡೂ ಕೈಗೆ ಬರಬೇಕು.

ಮುಂಬೈಯಿಂದ ಆರ್ಬಿಟ್ರೇಟರ್ (ಕೋರ್ಟಿನ ಹೊರಗೆ ವ್ಯಾಜ್ಯ ತೀರ್ಮಾನಿಸುವ ಮಧ್ಯಸ್ಥ) ನೋಟಿಸ್ ಬಂದಿದೆ. ಕುಮಟಾದಿಂದ ಅಲ್ಲಿಗೆ ಹೋಗಲಾಗದು. ಕಾರವಾರದ ಗ್ರಾಹಕ ಆಯೋಗಕ್ಕೆ ಹೋಗಲೇ?

ಗ್ರಾಹಕ ಆಯೋಗ ವಾಣಿಜ್ಯ ಉದ್ದೇಶದ ವ್ಯವಹಾರವನ್ನು ತೆಗೆದುಕೊಳ್ಳುವುದಿಲ್ಲ. ಹೊಟ್ಟೆಪಾಡಿನ ಸ್ವಂತ ಉದ್ಯೋಗಕ್ಕಾಗಿ ನೀವೇ ನಡೆಸುವ ಯಂತ್ರವಾದರೆ ಮಾತ್ರ ದಾರಿ ಇದೆ. ಆದರೆ ಮುಂಬೈ ನೋಟಿಸ್ ಅದಕ್ಕೆ ಕಾಯುವುದಿಲ್ಲ. ಉತ್ತರಿಸದಿದ್ದರೆ ನಿಮ್ಮ ಗೈರಿನಲ್ಲೇ ತೀರ್ಪು ಬರುತ್ತದೆ, ಅದನ್ನು ನಿಮ್ಮ ಊರಿನ ಆಸ್ತಿಯ ಮೇಲೆ ಜಾರಿ ಮಾಡಬಹುದು. ತಕರಾರು ಹಾಕಲು ತೀರ್ಪಿನ ಪ್ರತಿ ಕೈಸೇರಿದಂದಿನಿಂದ ಮೂರು ತಿಂಗಳು, ಕಾರಣ ತೋರಿಸಿದರೆ ಇನ್ನು 30 ದಿನ. ಅದಾದ ಮೇಲೆ ಬಾಗಿಲು ಬಂದ್.

ಆರ್ಬಿಟ್ರೇಟರನ್ನು ಕಂಪನಿಯೇ ಏಕಪಕ್ಷೀಯವಾಗಿ ನೇಮಿಸಿದ್ದರೆ ನಿಮ್ಮ ಮೊದಲ ಉತ್ತರದಲ್ಲೇ ಆಕ್ಷೇಪ ಎತ್ತಿ. ಸುಪ್ರೀಂ ಕೋರ್ಟಿನ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನಿಂದ ಅಂಥ ನೇಮಕ ನಿಲ್ಲುವುದು ಕಷ್ಟವಾಗಿದೆ. ಆಕ್ಷೇಪ ಬಿಟ್ಟುಕೊಡುವಂಥ ಯಾವ ಕಾಗದಕ್ಕೂ ಈ ಹಂತದಲ್ಲಿ ಸಹಿ ಹಾಕಬೇಡಿ. ಜೊತೆಗೇ ವಿಡಿಯೊ ಮೂಲಕ ವಿಚಾರಣೆ ಕೇಳಿ, ಯಂತ್ರದ ಮಾರಾಟ ಬೆಲೆಯ ದಾಖಲೆ ಹಾಜರುಪಡಿಸಲು ಕಂಪನಿಗೆ ಸೂಚಿಸುವಂತೆ ಅರ್ಜಿ ಹಾಕಿ. ಉತ್ತರವನ್ನು ಇ-ಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ, ಅಂಚೆ ರಸೀದಿ ಇಟ್ಟುಕೊಳ್ಳಿ.